ಮೋರಿಯ ನೀರು ಹಳದಿಯಾದಾಗ

ಫಟ್. ಒಂದು ಉಸಿರಿನಷ್ಟು ಬಿಡುವು. ಮತ್ತೆ ಫಟ್.

ಬಣ್ಣ ಕುಡಿದ ನೂಲಿನ ಲಡಿಯನ್ನು ಗೂಟಕ್ಕೆ ಸಿಕ್ಕಿಸಿ, ಇನ್ನೊಂದು ತುದಿಗೆ ಕೋಲು ತೂರಿಸಿ, ತಿರುಚಿ ಹಿಂಡಿ, ಕೊನೆಗೊಮ್ಮೆ ಜಾಡಿಸಿ ಎಳೆದಾಗ ಬರುವ ಸದ್ದು ಅದು. ಓಣಿಗೆ ಅದೇ ಕೋಳಿ, ಅದೇ ಗಡಿಯಾರ. ಬಣ್ಣದ ಮನೆ ಇದ್ದದ್ದು ಓಣಿಯ ಮೇಲ್ತುದಿಯಲ್ಲಿ. ಅಲ್ಲಿಂದ ಇಳಿದ ಮೋರಿ ಪ್ರತಿ ಮನೆಯ ಹೊಸಿಲನ್ನೂ ಮಾತಾಡಿಸಿಕೊಂಡು ಹೋಗುತ್ತಿತ್ತು. ಒಳಗೆ ಇವತ್ತು ಯಾವ ಬಣ್ಣ ಕುದಿಯುತ್ತಿದೆ ಎಂದು ಮೋರಿ ನೋಡಿ ಯಾರು ಬೇಕಾದರೂ ಹೇಳಬಹುದಿತ್ತು. ಹೆಚ್ಚಿನ ದಿನ ಅದು ಕಪ್ಪು.

ಸದ್ದು ಮಸಿಯಣ್ಣನದು. ಅವನ ಹೆಂಡತಿ ಒಲೆಯ ಮುಂದೆ ಬೇರೆ ಕೆಲಸ ಮಾಡುತ್ತಲೇ ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಮದುವೆಯಾಗಿ ಆ ಮನೆಗೆ ಬಂದ ಮೊದಲ ಬೆಳಗಿನಿಂದ ಕೇಳಿದ ಸದ್ದು. ಮಗುವಿನ ಉಸಿರು ತಾಯಿಗೆ ನಿದ್ದೆಯಲ್ಲೂ ತಿಳಿಯುವ ಹಾಗೆ ಅದರ ಏರಿಳಿತ ಅವಳಿಗೆ ತಿಳಿಯುತ್ತಿತ್ತು. ಆ ಬೇಸಿಗೆ ಮುಗಿಯುವ ಹೊತ್ತಿಗೆ ಸದ್ದುಗಳ ನಡುವಿನ ಬಿಡುವು ಉದ್ದವಾಗತೊಡಗಿತು. ಒಮ್ಮೊಮ್ಮೆ ಅವಳ ಕೈಯ ಸೌಟು ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಫಟ್ ಎಂದ ಮೇಲೆ ಮಾತ್ರ ಕೆಳಗಿಳಿಯುತ್ತಿತ್ತು.

ಮಸಿಯಣ್ಣ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಪ್ಪು ತೊಟ್ಟಿ ಕೊಟ್ಟದ್ದು. ಮೀಸೆ ಮೂಡುವ ಮೊದಲೇ ಅವನು ಆ ತೊಟ್ಟಿಯ ಪಕ್ಕ ನಿಂತಿದ್ದ. ನಿಂತವನು ನಿಂತೇ ಇದ್ದ. ಮೊಣಕೈವರೆಗೆ ಕಪ್ಪು ಇಳಿದಿತ್ತು. ಉಗುರುಗಳಂತೂ ಹುಟ್ಟುವಾಗಲೇ ಕಪ್ಪಾಗಿದ್ದವೇನೋ ಎನ್ನುವ ಹಾಗಿದ್ದವು. ಮದುವೆಯ ಹೊಸತರಲ್ಲಿ ಅವನು ನೀರು ಕುಡಿದ ಲೋಟದ ಮೇಲೆ ಬೆರಳಿನ ಗುರುತು ಕಂಡು ಅವಳು ಬೂದಿ ಹಾಕಿ ಉಜ್ಜಿದ್ದಳು. ಬೆವರಿದರೆ ದಿಂಬಿಗೆ ಕಪ್ಪು, ಮೂಗು ಸೀಟಿದರೆ ಕರವಸ್ತ್ರಕ್ಕೆ ಕಪ್ಪು. ಮಗಳು ಚಿಕ್ಕವಳಿದ್ದಾಗ ಅಪ್ಪ ಎತ್ತಿಕೊಂಡಾಗ ಅವಳು ತೊಟ್ಟಿದ್ದ ಅಂಗಿ ಯಾವುದು ಎಂದು ತೋರಿಸಲು ಯಾರೂ ಸಾಕ್ಷಿ ಹೇಳಬೇಕಿರಲಿಲ್ಲ. ಆ ಮಗಳೀಗ ಗಂಡನ ಮನೆಯಲ್ಲಿದ್ದಳು. ಫೋನು ಮಾಡಿದಾಗೆಲ್ಲ, "ಅಪ್ಪ, ಬಣ್ಣ ಹೋಯ್ತಾ?" ಎಂದು ಕೇಳುತ್ತಿದ್ದಳು. "ನಾನು ಹೋದ್ಮೇಲೂ ಅದು ಹೋಗಲ್ಲ ಬಿಡು ಮಗಳೇ" ಎಂದು ಇವನು ನಗುತ್ತಿದ್ದ. ಹೆಂಡತಿಗೆ ಆ ಮಾತು ಎಂದೂ ಹಿಡಿಸಿರಲಿಲ್ಲ.

ಹಿಂಡುವ ಕೆಲಸ ಮಣಿಕಟ್ಟಿನ ಕೆಲಸ. ನೂಲಿನಿಂದ ನೀರು ಇಳಿದಂತೆ ಎಲುಬಿನಿಂದಲೂ ಏನೋ ಇಳಿದುಹೋಗುತ್ತದೆ ಎಂದು ಹಳಬರು ಹೇಳುತ್ತಿದ್ದರು. ಬೇಸಿಗೆಯ ಆರಂಭದಲ್ಲಿ ಮಸಿಯಣ್ಣನ ಬಲ ಮಣಿಕಟ್ಟು ಊದಿಕೊಂಡು ಬಿಸಿಯಾಯಿತು. ಬೆಳಿಗ್ಗೆ ಅಂಗಿಯ ಗುಂಡಿ ಹಾಕಲೂ ಹೆಂಡತಿಯೇ ಬೇಕಾಯಿತು. ಬಲವಂತ ಮಾಡಿ ಡಾಕ್ಟರ ಹತ್ತಿರ ಕಳಿಸಿದಳು. ಅವರು ಊತ ಇಳಿಸುವ ಗುಲಾಬಿ ಮಾತ್ರೆ ಬರೆದುಕೊಟ್ಟು, ಊಟ ಆದ ಮೇಲೆಯೇ ತಗೊಳ್ಳಿ, ಒಂದು ವಾರ ಸಾಕು, ಆಮೇಲೆ ಬಂದು ತೋರಿಸಿ ಎಂದಿದ್ದರು. ಬೇರೆ ಯಾವ ಮಾತ್ರೆಯಾದರೂ ನಡೆಯುತ್ತಿದೆಯಾ ಎಂದೂ ಕೇಳಿದ್ದರಂತೆ. ಹಿಂದೊಮ್ಮೆ ಎದೆ ಹಿಡಿದುಕೊಂಡಾಗಿನಿಂದ ಮಸಿಯಣ್ಣ ದಿನವೂ ರಕ್ತ ತೆಳುವಾಗಿಡುವ ಒಂದು ಚಿಕ್ಕ ಬಿಳಿ ಮಾತ್ರೆ ನುಂಗುತ್ತಿದ್ದ. ಅದನ್ನು ಅವನು ಹೇಳಲಿಲ್ಲ.

"ಯಾಕೆ ಹೇಳಲಿಲ್ಲ?" ಎಂದು ಅವಳು ಕೇಳಿದಾಗ, "ಕೈ ನೋಡೋ ಡಾಕ್ಟರ ಹತ್ರ ಎದೆ ಮಾತು ಯಾಕೆ? ಅವರವರ ಹೊಲಕ್ಕೆ ಅವರವರ ಬೇಲಿ" ಅಂದ.

ಗುಲಾಬಿ ಮಾತ್ರೆ ಮಂತ್ರದಂತೆ ಕೆಲಸ ಮಾಡಿತು. ವಾರ ಕಳೆಯಿತು. ಅವನು ತೋರಿಸಲು ಹೋಗಲಿಲ್ಲ. ಮಾತ್ರೆ ಮುಗಿದ ಖಾಲಿ ಹಾಳೆಯನ್ನು ಔಷಧಿ ಅಂಗಡಿಗೆ ಒಯ್ದು, "ಇದೇ ಕೊಡಿ" ಎಂದು ಹೊಸದು ತಂದ. ಹಾಗೇ ಇನ್ನೊಂದು. ಹಾಗೇ ಮತ್ತೊಂದು.

ಬಣ್ಣದ ಮನೆಗೆ ಅದರದೇ ಒಂದು ಕಟ್ಟಳೆ ಇತ್ತು. ಮೊದಲ ತೊಟ್ಟಿಯ ನೂಲು ಮೇಲೇಳುವವರೆಗೆ ಯಾರೂ ಊಟದ ಬುತ್ತಿ ಬಿಚ್ಚುವಂತಿಲ್ಲ. ಬಿಸಿ ತೊಟ್ಟಿಯ ಎರಡು ಬದಿಗೆ ಇಬ್ಬರು ನಿಂತು ಕೋಲು ಹಿಡಿದು ಲಡಿಗಳನ್ನು ತಿರುವುತ್ತಲೇ ಇರಬೇಕು. ಒಬ್ಬ ಕೈಬಿಟ್ಟರೂ ನೂಲಿನ ಮೇಲೆ ತೇಪೆ ತೇಪೆಯಾಗಿ ಬಣ್ಣ ಕೂರುತ್ತದೆ. ಹಾಗಾಗಿ ಬೆಳಗಿನ ಹೊಟ್ಟೆಗೆ ಕರಿ ಚಹಾ ಬಿಟ್ಟರೆ ಬೇರೇನೂ ಇಲ್ಲ. ನೋವು ಬರುವುದೂ ಆಗಲೇ, ಮಾತ್ರೆ ನುಂಗುವುದೂ ಆಗಲೇ.

ಕಿಟಕಿಯ ಕಟ್ಟೆಯ ಮೇಲೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇತ್ತು. ಯಾರದೋ ಸೊಂಟ ನೋವು ವಾಸಿಯಾದರೆ, ಯಾರದೋ ಮನೆಯ ಮುದುಕಿ ತೀರಿಕೊಂಡರೆ, ಉಳಿದ ಮಾತ್ರೆಗಳು ಆ ಡಬ್ಬಿಗೆ ಬೀಳುತ್ತಿದ್ದವು. ಬೇಕಾದವರು ತೆಗೆದುಕೊಳ್ಳಬಹುದು. ಧರ್ಮದ ಡಬ್ಬಿ ಎಂದೇ ಅದಕ್ಕೆ ಹೆಸರು. ಒಳ್ಳೆಯ ಮನಸ್ಸಿನಿಂದ ಹುಟ್ಟಿದ ಡಬ್ಬಿ. ಹಂಚಿಕೊಂಡು ತಿನ್ನುವ ಜನ ಅವರು, ನೋವಿನ ಮದ್ದನ್ನೂ ಹಂಚಿಕೊಂಡರು. ಅದರಲ್ಲಿ ಹೆಚ್ಚಾಗಿ ಇರುತ್ತಿದ್ದದ್ದು ಹಳದಿ ಮಾತ್ರೆ. ಗುಲಾಬಿಯದು ಮನೆಯಲ್ಲಿ, ಹಳದಿಯದು ಕೆಲಸದಲ್ಲಿ. "ಅದು ಊತಕ್ಕೆ, ಇದು ನೋವಿಗೆ" ಎಂದು ಮಸಿಯಣ್ಣ ಲೆಕ್ಕ ಹಾಕಿಕೊಂಡಿದ್ದ. ಬಣ್ಣ ಬೇರೆಯಾದ ಮೇಲೆ ಗುಣವೂ ಬೇರೆಯೇ ಇರಬೇಕಲ್ಲ.

ಮೊದಲ ತೊಟ್ಟಿ ಏಳುವ ಹೊತ್ತಿಗೆ ಅವಳು ಬುತ್ತಿ ಹಿಡಿದು ಬಣ್ಣದ ಮನೆಗೆ ಹೋಗುತ್ತಿದ್ದಳು. ತೊಟ್ಟಿಯ ಆ ಬದಿಗೆ ಅವನ ಜೋಡಿ ನಿಂತಿರುತ್ತಿದ್ದ. ಉದ್ದ ಕಾಲು, ಉದ್ದ ಕತ್ತು, ಒಂದು ಮೊಣಕಾಲು ಊದಿಕೊಂಡದ್ದರಿಂದ ಭಾರವನ್ನೆಲ್ಲ ಇನ್ನೊಂದರ ಮೇಲೆ ಹಾಕಿ ನಿಲ್ಲುವ ಚಾಳಿ. ಎಲ್ಲರೂ ಅವನನ್ನು ಕೊಕ್ಕರೆ ಎನ್ನುತ್ತಿದ್ದರು. ಅವನಿಗೂ ಅದರಲ್ಲಿ ಬೇಸರವಿರಲಿಲ್ಲ.

"ಅತ್ತಿಗೆ, ಸುದ್ದಿ ಗೊತ್ತಾ?" ಎಂದ ಕೊಕ್ಕರೆ ಒಂದು ದಿನ. "ಅಣ್ಣನಿಗೆ ಒಳಗೂ ಬಣ್ಣ ಹತ್ತಿದೆ."

"ಏ, ಸುಮ್ನಿರೋ" ಎಂದ ಮಸಿಯಣ್ಣ.

"ಅತ್ತಿಗೆ ಮುಂದೆ ಎಂಥ ನಾಚಿಕೆ? ಬೆಳಿಗ್ಗೆ ಕಕ್ಕಸಿಗೆ ಹೋದ್ರೆ ಅಲ್ಲೂ ಕಪ್ಪಂತೆ. ನಾನಂದೆ, ಪಕ್ಕಾ ಬಣ್ಣ ಕಣಣ್ಣಾ, ಒಗೆದ್ರೂ ಬಿಡಲ್ಲ."

"ನಗು, ನಗು. ನಾಳೆ ನಿನಗೂ ಹತ್ತುತ್ತೆ."

"ಹತ್ತಲಿ ಬಿಡು. ಸಾಹುಕಾರ್ರು ನಮ್ಮಿಬ್ಬರನ್ನೂ ಲಡಿ ಕಟ್ಟಿ ಮಾರ್ಕೊಳ್ಳಲಿ."

ಅಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಅಲ್ಲಿ ಎಲ್ಲವೂ ಕಪ್ಪಾಗಿತ್ತು: ಗೋಡೆ, ನೆಲ, ಜೇಡನ ಬಲೆ, ಬೆವರು. ಕಪ್ಪು ಕಂಡರೆ ಹೆದರಬೇಕು ಎಂದು ಆ ಮನೆಯಲ್ಲಿ ಯಾರಿಗೆ ತಾನೆ ಹೊಳೆದೀತು? ಕೊಕ್ಕರೆಯ ಮೊಣಕಾಲು ನೋಡಿ ಮಸಿಯಣ್ಣ ಕಿಸೆಯಿಂದ ಗುಲಾಬಿ ಮಾತ್ರೆಯ ಹಾಳೆ ತೆಗೆದು ಅವನ ಕೈಗಿಟ್ಟ. "ಇಟ್ಕೋ. ಡಬ್ಬಿಯ ಹಳದಿದಕ್ಕೆ ಇದು ಜೊತೆಯಾದ್ರೆ ಕುದುರೆ ಥರ ಓಡ್ತೀಯ."

"ಕೊಕ್ಕರೆ ಕುದುರೆ ಆದ್ರೆ ಗೂಡು ಕಟ್ಟೋದು ಹೇಗೆ?" ಎನ್ನುತ್ತ ಕೊಕ್ಕರೆ ಅದನ್ನು ಮೇಲಂಗಿಯ ಕಿಸೆಗೆ ಸೇರಿಸಿದ.

ಆಮೇಲಿನ ದಿನಗಳಲ್ಲಿ ಅವಳ ಗಂಡ ಸ್ವಲ್ಪ ಸ್ವಲ್ಪವಾಗಿ ತನ್ನಿಂದ ತಾನೇ ದೂರವಾಗುತ್ತಿರುವಂತೆ ಕಂಡ. ಮೊದಲಿಗೆ ಊಟ ಬಿಟ್ಟ. ಎದೆಗೂಡಿನ ಕೆಳಗೆ ಉರಿ ಎಂದ. ಅಂಗಡಿಯಿಂದ ಹೊಟ್ಟೆ ಉರಿಯ ಔಷಧಿ ತಂದು ಬಾಟಲಿಗೇ ಬಾಯಿಟ್ಟು ಕುಡಿದ. ಉರಿ ತಣ್ಣಗಾಯಿತು, ಹಾಗಾಗಿ ಮಾತ್ರೆ ಮುಂದುವರಿಯಿತು. ಆಮೇಲೆ ಮನೆಯ ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಮರೆತದ್ದೇನನ್ನೋ ನೆನಪಿಸಿಕೊಳ್ಳುವವನಂತೆ ಗೋಡೆ ಹಿಡಿಯತೊಡಗಿದ.

"ಏನಾಯ್ತು?"

"ಏನಿಲ್ಲ. ಮೆಟ್ಟಿಲು ಬೆಳೀತಾ ಇದೆ ಅಷ್ಟೇ."

ಮುಖದ ರಂಗು ಹೋಗುತ್ತಿತ್ತು. ಆದರೆ ಜೀವನವಿಡೀ ಬಣ್ಣದ ಹಬೆಯಲ್ಲಿ ನಿಂತ ಮುಖದಲ್ಲಿ ರಂಗು ಎಷ್ಟಿತ್ತು, ಎಷ್ಟು ಹೋಯಿತು ಎಂದು ಅಳೆಯುವುದು ಹೇಗೆ? ಕೂತಲ್ಲೇ ಕಣ್ಣು ಮುಚ್ಚುತ್ತಿದ್ದ. ಬೇಸಿಗೆಯಲ್ಲೂ ಕೈ ತಣ್ಣಗಿರುತ್ತಿತ್ತು. ವಯಸ್ಸು ಎಂದ ಅವನು. ವಯಸ್ಸು ಎಂದು ಅವಳೂ ಅಂದುಕೊಂಡಳು. ನಂಬಿಕೆ ಮಾತ್ರ ಬರಲಿಲ್ಲ. ಮನೆಯೊಳಗೆ ಯಾರೋ ಬಂದು ಕೂತಿದ್ದಾರೆ, ದೀಪ ಹಚ್ಚಿದರೆ ಕಾಣುವುದಿಲ್ಲ, ಆದರೆ ಹೋಗಿಲ್ಲ ಎನ್ನುವಂಥ ಒಂದು ಅನುಮಾನ.

ಅಷ್ಟರಲ್ಲಿ ಕಪ್ಪು ತೊಟ್ಟಿಯ ತಳ ಬಿರುಕು ಬಿಟ್ಟಿತು. ಸಾಹುಕಾರರು ಅದನ್ನು ಬರಿದು ಮಾಡಿಸಿ, ರಿಪೇರಿಯಾಗುವವರೆಗೆ ಹಳದಿ ನೂಲಿನ ಕೆಲಸ ಹಿಡಿದರು. ಮೋರಿಯ ನೀರು ಹಳದಿಯಾಯಿತು. ಓಣಿಗೆ ಅದೊಂದು ಸಡಗರ. ಮಕ್ಕಳು ಕಾಗದದ ದೋಣಿ ಬಿಟ್ಟರು. ಎದುರುಮನೆಯ ಅಜ್ಜಿ, "ನಿನ್ನ ಗಂಡನಿಗೆ ಕೊನೆಗೂ ಬೆಳಕು ಬಂತು ನೋಡು" ಎಂದು ಚೇಷ್ಟೆ ಮಾಡಿದಳು. ಮಸಿಯಣ್ಣನ ಮೊಣಕೈಯ ಕಪ್ಪಿನ ಮೇಲೆ ಅರಿಸಿನದಂಥ ಒಂದು ಪದರ ಕೂತಿತು. ದಿಂಬಿನ ಬೆವರೂ ಹಳದಿಯಾಯಿತು.

ಆ ದಿನಗಳಲ್ಲೇ ಒಮ್ಮೆ ಬುತ್ತಿ ಕೊಡಲು ಹೋದಾಗ ಕೊಕ್ಕರೆ ತೊಟ್ಟಿಯ ಅಂಚಿಗೆ ಒರಗಿ ನಿಂತಿದ್ದ. ಅವನ ತುಟಿ ಒಣಗಿತ್ತು. "ಅತ್ತಿಗೆ, ನನಗೂ ಪ್ರಮೋಷನ್ ಆಯ್ತು" ಎಂದು ಕಣ್ಣು ಮಿಟುಕಿಸಿದ. "ಅಣ್ಣನ ಹಾಗೇ. ಒಳಗೂ ಹತ್ತಿತು." ಅವಳಿಗೆ ಆಗ ಬುತ್ತಿಯ ಅವಸರ. ಮಾತು ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ.

ಅವಳಿಗೆ ಮೊದಲು ಎಚ್ಚರವಾದದ್ದು ಕಕ್ಕಸು ತೊಳೆಯುವಾಗ. ಹಳದಿ ಶುರುವಾಗಿ ಎಷ್ಟೋ ದಿನವಾದ ಮೇಲಿನ ಒಂದು ಬೆಳಿಗ್ಗೆ. ಮಸಿಯಣ್ಣ ಎದ್ದುಹೋದ ಮೇಲೆ ಅವಳು ಬಕೆಟ್ಟು, ಪೊರಕೆ ಹಿಡಿದು ಒಳಗೆ ಹೋದಳು. ನೀರು ಸುರಿದಳು. ಹೋಗಲಿಲ್ಲ. ಮತ್ತೆ ಸುರಿದಳು. ರಸ್ತೆಗೆ ಹಾಕುವ ಡಾಂಬರಿನಂತೆ ಕಪ್ಪಾಗಿ, ಜಿಗುಟಾಗಿ, ಕಲ್ಲಿಗೆ ಅಂಟಿಕೊಂಡಿತ್ತು. ವಾಸನೆ ಅವಳಿಗೆ ಗೊತ್ತಿರುವ ಯಾವ ವಾಸನೆಯೂ ಅಲ್ಲ. ಹಳಸಿದ ರಕ್ತದಂತೆ, ತುಕ್ಕು ಹಿಡಿದ ಕಬ್ಬಿಣದಂತೆ, ಮೂಗಿನಲ್ಲಿ ಕೂತು ಏಳಲಿಲ್ಲ.

ಬಣ್ಣ ಅವಳಿಗೆ ಗೊತ್ತಿತ್ತು. ಅಂಗಿಯಿಂದ, ಲೋಟದಿಂದ, ಮಗುವಿನ ಕೆನ್ನೆಯಿಂದ ಅದನ್ನು ತೊಳೆದವಳು ಅವಳೇ. ಬಣ್ಣ ನೀರಿನ ಜೊತೆ ಹೋಗುತ್ತದೆ. ಇದು ಹೋಗುತ್ತಿರಲಿಲ್ಲ.

ಅವಳು ಹೊರಗೆ ಬಂದು ಹೊಸಿಲ ಮೇಲೆ ನಿಂತಳು. ಮುಂದೆ ಮೋರಿ. ಬೆಳಗಿನ ಬಿಸಿಲಿಗೆ ಹಳದಿಯಾಗಿ, ಚಂದವಾಗಿ ಹರಿಯುತ್ತಿತ್ತು. ಅವಳು ಅದನ್ನೇ ನೋಡಿದಳು. ಕೈಯಲ್ಲಿ ಪೊರಕೆ ಇದ್ದದ್ದು ಮರೆತುಹೋಯಿತು. ಮೇಲಿನಿಂದ ಫಟ್ ಎಂದಿತು. ಅವಳು ಕಾದಳು. ಬಹಳ ಹೊತ್ತು ಇನ್ನೊಂದು ಬರಲಿಲ್ಲ.

ಬಂದದ್ದು ಮಸಿಯಣ್ಣನೇ. ಹೊತ್ತಲ್ಲದ ಹೊತ್ತಿನಲ್ಲಿ, ಓಣಿಯ ಗೋಡೆ ಹಿಡಿದುಕೊಂಡು. "ತಲೆ ತಿರುಗಿತು. ಒಂಚೂರು ಕೂತು ಹೋಗ್ತೀನಿ" ಎಂದು ಜಗಲಿಯ ಮೇಲೆ ಕುಸಿದ.

"ಒಂದು ಮಾತು ಕೇಳ್ತೀನಿ, ತಮಾಷೆ ಮಾಡಬೇಡಿ" ಎಂದಳು ಅವಳು. "ಈಗ ನೀವು ಅದ್ದೋದು ಯಾವ ಬಣ್ಣ?"

"ಹಳದಿ. ಕಣ್ಣಿಲ್ವಾ ನಿನಗೆ?"

"ಮತ್ತೆ ನಿಮ್ಮ ಹೊಟ್ಟೆಯಿಂದ ಕಪ್ಪು ಯಾಕೆ ಬರುತ್ತೆ?"

ಅವನು ಬಾಯಿ ತೆರೆದ. ತಮಾಷೆಯೊಂದು ನಾಲಿಗೆಯ ತುದಿಗೆ ಬಂದದ್ದು ಅವಳಿಗೆ ಕಂಡಿತು. ಬಂದದ್ದು ಅಲ್ಲೇ ನಿಂತಿತು. ಅವನು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡ, ಹಳದಿ ಅಂಗೈ, ಕಪ್ಪು ಉಗುರು. ಆಮೇಲೆ ಮೋರಿಯನ್ನು ನೋಡಿದ.

"ಹಳೇದು ಉಳ್ಕೊಂಡಿರಬೇಕು" ಎಂದ. ದನಿಯಲ್ಲಿ ಗಟ್ಟಿತನ ಇರಲಿಲ್ಲ.

"ಏಳಿ" ಎಂದಳು.

ಹೊರಡುವ ಮೊದಲು ಅವಳು ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ಒಂದು ಬಟ್ಟೆಗೆ ಸುರಿದುಕೊಂಡಳು. ಅವನ ಕಿಸೆಯಲ್ಲಿದ್ದ ಹಳದಿ ಮಾತ್ರೆಗಳನ್ನೂ ಬಿಡಲಿಲ್ಲ. ಬಾಡಿಗೆ ಗಾಡಿಯಲ್ಲಿ ಅವನು ಅವಳ ಹೆಗಲಿಗೆ ತಲೆಯಿಟ್ಟ. ಮದುವೆಯಾದಾಗಿನಿಂದ ಹಗಲು ಹೊತ್ತು, ಜನರೆದುರು, ಅವನು ಹಾಗೆ ಮಾಡಿದ್ದು ಅದೇ ಮೊದಲು. ಅದೇ ಅವಳನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು.

ಆಸ್ಪತ್ರೆಯಲ್ಲಿ ಡಾಕ್ಟರು ವಯಸ್ಸಿನಲ್ಲಿ ಅವರ ಮಗಳಷ್ಟೇ ಇದ್ದಳು. ಅವನ ಕೈ ಹಿಡಿದು ಉಗುರು ಒತ್ತಿದಳು, ಬಿಟ್ಟಳು. "ಯಜಮಾನ್ರೇ, ರಕ್ತ ಎಷ್ಟಿದೆ ಅಂತ ಉಗುರು ನೋಡಿ ಹೇಳೋಣ ಅಂದ್ರೆ ನಿಮ್ಮ ಉಗುರು ಬಾಯೇ ಬಿಡಲ್ಲವಲ್ಲ" ಎಂದು, ಕಣ್ಣಿನ ಕೆಳರೆಪ್ಪೆ ಜಗ್ಗಿದಳು. ಅಲ್ಲಿ ಕೆಂಪು ಇರಬೇಕಾದಲ್ಲಿ ಕಾಗದದ ಬಿಳುಪು ಇತ್ತು. ಅದನ್ನು ಹೆಂಡತಿಯೂ ನೋಡಿದಳು. ಡಾಕ್ಟರು ನರ್ಸಿಗೆ ಏನನ್ನೋ ಬೇಗ ಬೇಗ ಹೇಳಿದಳು. ರಕ್ತ ಪರೀಕ್ಷೆಗೆ ತೆಗೆದುಕೊಂಡರು.

"ಏನೇನು ಮಾತ್ರೆ ತಗೋತೀರಿ?"

ಹೆಂಡತಿ ಬಟ್ಟೆ ಬಿಚ್ಚಿದಳು. ಡಾಕ್ಟರು ಒಂದೊಂದೇ ಹಾಳೆಯನ್ನು ತಿರುವಿ ಹಿಂದಿನ ಸಣ್ಣ ಅಕ್ಷರ ಓದಿದಳು. ಗುಲಾಬಿಯದನ್ನೂ ಹಳದಿಯದನ್ನೂ ಪಕ್ಕಪಕ್ಕ ಇಟ್ಟಳು.

"ಎರಡೂ ತಗೊಂಡ್ರಾ? ಒಂದೇ ದಿನ?"

"ಅದು ಊತಕ್ಕೆ, ಇದು ನೋವಿಗೆ" ಎಂದ ಮಸಿಯಣ್ಣ.

"ಎರಡೂ ಒಂದೇ ಔಷಧಿ. ಡೈಕ್ಲೋಫೆನಾಕ್. ಕಂಪನಿ ಬೇರೆ, ಅಷ್ಟೇ."

"ಬಣ್ಣ ಬೇರೆ ಇದೆಯಲ್ಲಮ್ಮ."

"ಬಣ್ಣ ಮೇಲಿಂದ ಬಳಿಯೋದು. ಒಳಗಿರೋದು ಒಂದೇ."

ಮಸಿಯಣ್ಣ ಆ ಎರಡು ಹಾಳೆಗಳನ್ನು ಕೈಗೆತ್ತಿಕೊಂಡು ತಿರುವಿ ನೋಡಿದ. ಬಿಳಿ ನೂಲು ತಂದು ಇವತ್ತು ಕಪ್ಪು, ನಾಳೆ ಹಳದಿ ಮಾಡಿ ಕಳಿಸಿದವನು.

ಡಾಕ್ಟರು ಬೈಯಲಿಲ್ಲ. ಊತದ ಮಾತ್ರೆ ಊತವನ್ನು ಇಳಿಸುತ್ತದೆ, ಹಾಗೆಯೇ ಹೊಟ್ಟೆಯ ಒಳಗೋಡೆಯ ಕಾವಲನ್ನೂ ಸಡಿಲಿಸುತ್ತದೆ ಎಂದಳು. ಡಾಕ್ಟರು ಹೇಳಿದಷ್ಟು ದಿನ, ಊಟದ ಮೇಲೆ, ಒಂದೇ ಬಗೆಯದು ತಗೊಂಡರೆ ಹೆಚ್ಚಿನವರಿಗೆ ತೊಂದರೆಯಾಗುವುದಿಲ್ಲ. ಇವನು ವಯಸ್ಸಾದವನು, ಬರಿಹೊಟ್ಟೆಯವನು, ಎರಡರಷ್ಟು ತಗೊಂಡವನು, ಅದರ ಮೇಲೆ ರಕ್ತ ತೆಳು ಮಾಡುವ ಬಿಳಿ ಮಾತ್ರೆ ಬೇರೆ. ಒಳಗೆ ಹುಣ್ಣಾಗಿ ರಕ್ತ ಸೋರುತ್ತಿದೆ. ಹೊಟ್ಟೆಯಲ್ಲಿ ಸೋರಿದ ರಕ್ತ ಕೆಳಗಿಳಿಯುವಷ್ಟರಲ್ಲಿ ಹೀಗೆ ಡಾಂಬರಿನಂತೆ ಕಪ್ಪಾಗುತ್ತದೆ. ಉರಿಯ ಔಷಧಿ ಉರಿಯನ್ನು ಮುಚ್ಚಿತು, ಸೋರುವುದನ್ನು ನಿಲ್ಲಿಸಲಿಲ್ಲ.

"ಆ ಬಿಳಿ ಮಾತ್ರೆ ಬಿಟ್ಬಿಡಲಾ?" ಎಂದ ಅವನು.

"ನೀವಾಗಿ ಏನೂ ಬಿಡಬೇಡಿ, ನೀವಾಗಿ ಏನೂ ತಗೋಬೇಡಿ. ಎದೆ ಡಾಕ್ಟರ ಹತ್ರ ನಾನು ಮಾತಾಡಿ ಹೇಳ್ತೀನಿ. ಈಗ ನೀವು ಅಲ್ಲಾಡದೆ ಮಲಗಬೇಕು. ರಕ್ತ ಕೊಡಬೇಕು, ಒಳಗೆ ಕೊಳವೆ ಹಾಕಿ ನೋಡಬೇಕು. ಹಾಸಿಗೆ ಸಿದ್ಧ ಮಾಡಿಸ್ತೀನಿ, ಅಲ್ಲಿವರೆಗೆ ಬೆಂಚಿಂದ ಏಳಬೇಡಿ." ಬಾಗಿಲ ತನಕ ಹೋದವಳು ತಿರುಗಿದಳು. "ಈ ಹಳದಿ ಮಾತ್ರೆ ಎಲ್ಲಿಂದ ಸಿಕ್ತು? ಬೇರೆ ಯಾರಾದ್ರೂ ಹೀಗೇ ತಗೋತಿದ್ದಾರಾ?"

ಮಸಿಯಣ್ಣನ ಕೈ ತಾನಾಗಿ ಗುಲಾಬಿ ಹಾಳೆ ಇಟ್ಟುಕೊಳ್ಳುತ್ತಿದ್ದ ಕಿಸೆಗೆ ಹೋಯಿತು. ಹೆಂಡತಿ ಅವನ ಮುಖ ನೋಡಿದಳು. ಕಿವಿಗೆ ಬಿದ್ದು ಮನಸ್ಸಿಗೆ ಇಳಿಯದೆ ಉಳಿದಿದ್ದ ಮಾತು ಆಗ ಅವಳಿಗೂ ಇಳಿಯಿತು. ನನಗೂ ಪ್ರಮೋಷನ್ ಆಯ್ತು ಅತ್ತಿಗೆ.

"ಇದ್ದಾರೆ. ಇವರ ಜೋಡಿ" ಎಂದಳು. "ಅವನಿಗೂ ಕಪ್ಪು ಹೋಗ್ತಿದೆಯಂತೆ."

"ಈಗಲೇ ಫೋನ್ ಮಾಡಿ. ಮಾತ್ರೆ ಮುಟ್ಟದೆ, ಯಾರನ್ನಾದ್ರೂ ಜೊತೆ ಮಾಡ್ಕೊಂಡು, ಸೀದಾ ಇಲ್ಲಿಗೆ ಬರಲಿ" ಎಂದು ಡಾಕ್ಟರು ಹಾಸಿಗೆಯ ಏರ್ಪಾಟಿಗೆ ಹೋದಳು.

ಕೊಕ್ಕರೆ ಕೆಲಸದ ಹೊತ್ತಿನಲ್ಲಿ ಫೋನು ಇಟ್ಟುಕೊಳ್ಳುವವನಲ್ಲ. ಒದ್ದೆ ಕೈಗೆ ಅದು ಆಗಿಬರುವುದಿಲ್ಲ. ಅವಳು ಬಣ್ಣದ ಮನೆಯ ಫೋನಿಗೆ ಮಾಡಿದಳು. ರಿಂಗಾಯಿತು, ನಿಂತಿತು. ಮತ್ತೆ ಮಾಡಿದಳು. ಕೊನೆಗೆ ಯಾರೋ ಎತ್ತಿದರು. ಹಬೆಯ ಸುಯ್ಲು, ನೀರಿನ ಸದ್ದು.

"ಕೊಕ್ಕರೆ ಇದ್ದಾನಾ? ಅವನನ್ನ ಕರೀರಿ, ಅರ್ಜೆಂಟು."

"ಯಾರು? ಕೇಳಿಸ್ತಿಲ್ಲ. ಇರಿ, ತೊಟ್ಟಿ ಹತ್ರ ಒಬ್ಬನೇ ಇದ್ದಾನೆ, ಕರೀತೀನಿ" ಎಂದು ಆ ದನಿ ಫೋನನ್ನು ಮೇಜಿನ ಮೇಲೆ ಇಟ್ಟು ಹೋಯಿತು.

ಮಸಿಯಣ್ಣ ಕೈಚಾಚಿ ಫೋನು ತೆಗೆದುಕೊಂಡು ಕಿವಿಗಿಟ್ಟುಕೊಂಡ. ಅವಳೂ ತಲೆ ಹತ್ತಿರ ತಂದಳು. ದೂರದಲ್ಲಿ, ಹಬೆಯ ಆಚೆಗೆ, ಫಟ್.

ಬಿಡುವು.

ಫಟ್. ಮೊದಲಿಗಿಂತ ಮೆತ್ತಗೆ, ತೋಳಿನಲ್ಲಿ ಕಸುವಿಲ್ಲದವನು ಎಳೆದ ಹಾಗೆ.

ಬಿಡುವು. ಇಬ್ಬರೂ ಉಸಿರು ಹಿಡಿದರು. ಕಾರಿಡಾರಿನಲ್ಲಿ ಯಾರದೋ ಗಾಲಿ ಮಂಚ ಕಿರುಗುಟ್ಟುತ್ತ ಹೋಯಿತು. ಫೋನಿನೊಳಗೆ ನೀರು ಹರಿಯುತ್ತಲೇ ಇತ್ತು. ಇನ್ನೊಂದು ಫಟ್ ಬರಲಿಲ್ಲ. ಆಮೇಲೆ ಬಿದಿರಿನ ಕೋಲೊಂದು ಕಲ್ಲಿನ ನೆಲದ ಮೇಲೆ ಬಿದ್ದು ಉರುಳಿದ ಸದ್ದು. ಯಾರೋ ಯಾರನ್ನೋ ಕೂಗಿದ ಹಾಗೆ.

ಮಸಿಯಣ್ಣ ಎದ್ದ. ಗೋಡೆ ಹಿಡಿಯಲಿಲ್ಲ.

"ಕೂತ್ಕೊಳ್ಳಿ. ಡಾಕ್ಟರು ಏನಂದ್ರು? ರೀ, ನಾನು ಹೋಗ್ತೀನಿ, ನೀವು ಕೂತ್ಕೊಳ್ಳಿ" ಎಂದು ಅವಳು ತೋಳು ಹಿಡಿದಳು. ತಣ್ಣನೆಯ, ಬೆವರಿದ ತೋಳು ಅವಳ ಕೈಯಿಂದ ಜಾರಿತು. ಅವಳ ಬೆರಳುಗಳಿಗೆ ಹಳದಿ ಹತ್ತಿತು.

"ಅವನನ್ನ ಕರ್ಕೊಂಡು ಬಾ ಅಂತ ಬಾಗಿಲ ಹತ್ರದ ಗಾಡಿಯವನಿಗೆ ಹೇಳ್ಬಿಟ್ಟು ಬರ್ತೀನಿ, ಅಷ್ಟೇ" ಎಂದ ಅವನು, ಆಗಲೇ ನಡೆಯುತ್ತ, ತಿರುಗಿ ನೋಡದೆ. "ಅವನ ಮೇಲಂಗಿ ಕಿಸೆಯಲ್ಲಿ ಆ ಗುಲಾಬಿ ಹಾಳೆ ಹಾಗೇ ಇರುತ್ತೆ ಕಣೇ, ನೋವು ಅಂದ್ರೆ ಯಾರಾದ್ರೂ ಮತ್ತೆ ಅದನ್ನೇ ಅವನ ಬಾಯಿಗೆ ಹಾಕ್ತಾರೆ, ನಾನೇ ಅಲ್ವಾ ಅದನ್ನ ಅವನ ಕೈಗೆ ಇಟ್ಟಿದ್ದು, ಕುದುರೆ ಥರ ಓಡ್ತೀಯ ಅಂತ ನಾನೇ..."